ಕಪ್ಪೆಗಳ ಗದ್ದಲ: ನೀರು ತೆಗೆಯುವುದೋ, ಕಿಟಕಿ ಮುಚ್ಚುವುದೋ?

ಮಲೆನಾಡಿನಲ್ಲಿ ಗದ್ದೆ ಪಕ್ಕದ ಮನೆಯೆಂದರೆ ಮುಂಗಾರಿನ ರಾತ್ರಿ ನಿದ್ದೆಗೆಡುವುದು ಇದ್ದದ್ದೇ. ಉಪಾಯ ಹುಡುಕುವ ಮೊದಲು ಕೂಗುತ್ತಿರುವುದು ಯಾರೆಂದು ಟಾರ್ಚ್ ಹಿಡಿದು ನೋಡಿ.

ಮೈಯೆಲ್ಲ ಹಳದಿ, ಗಂಟಲ ಇಕ್ಕೆಲದಲ್ಲಿ ಉಬ್ಬುವ ನೀಲಿ ಚೀಲ: ಅದು ಗೋಂಕರು ಕಪ್ಪೆಯ ಗಂಡು, ಹೆಣ್ಣನ್ನು ಕರೆಯುತ್ತಿದೆ. ಮೊದಲ ದೊಡ್ಡ ಮಳೆ ಬಿದ್ದ ಕೆಲವು ರಾತ್ರಿಗಳಷ್ಟೇ ಅದರ ಅಬ್ಬರ. ಗದ್ದೆಯ ನೀರು ನಿಮ್ಮ ಕೈಯಲ್ಲಿಲ್ಲ. ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ಕಿವಿಗೆ ಹತ್ತಿ ಇಟ್ಟು ಮಲಗುವುದೇ ಲೇಸು. ಸೆಖೆಯಾಗುತ್ತದೆ, ನಿಜ.

ಬಚ್ಚಲ ತೊಟ್ಟಿಯ ಬಳಿ ಟಕ್ ಟಕ್ ಎನ್ನುವ ಮರಗಪ್ಪೆಯಾದರೆ ಲೆಕ್ಕ ಬೇರೆ. ಅದು ಮಳೆಗಾಲವಿಡೀ ಕಾಡಬಹುದು. ತೊಟ್ಟಿಯ ಗೋಡೆಗೆ ಅಂಟಿದ ಬಿಳಿ ನೊರೆಯ ಮುದ್ದೆಯೊಳಗೆ ಮೊಟ್ಟೆಗಳಿರುತ್ತವೆ. ಮರಿಗಳು ಕೆಳಗಿನ ನೀರಿಗೆ ಬೀಳುತ್ತವೆ. ಇಲ್ಲಿ ಕಿಟಕಿಗಿಂತ ತೊಟ್ಟಿಗೆ ಮುಚ್ಚಳ ಹಾಕುವುದು, ಬಕೆಟ್ ಬೋರಲು ಹಾಕುವುದು ಮೇಲು. ಸೊಳ್ಳೆಗೂ ಜಾಗ ತಪ್ಪುತ್ತದೆ. ಅಂಗಳದ ದೀಪ ಆರಿಸಿದರೆ ಹುಳ ಕಡಿಮೆ, ಹುಳ ತಿನ್ನಲು ಬರುವ ಕಪ್ಪೆಯೂ ಕಡಿಮೆ.

ಹಿಡಿದು ದೂರ ಬಿಡುವ ಸಾಹಸ ನಾನೂ ಮಾಡಿದ್ದೇನೆ. ಎರಡನ್ನು ಬಿಟ್ಟು ಬಂದೆ, ಆ ರಾತ್ರಿ ಐದು ಕೂಗಿದವು. ಉಪ್ಪು, ಬ್ಲೀಚಿಂಗ್ ಪುಡಿ ಎರಚುವ ಸಲಹೆಯನ್ನಂತೂ ಕೇಳಲೇಬೇಡಿ: ಚರ್ಮದ ಮೂಲಕವೂ ಉಸಿರಾಡುವ ಪ್ರಾಣಿಗೆ ಅದು ಚಿತ್ರಹಿಂಸೆ.

ನಮ್ಮ ಮನೆಯಲ್ಲಿ ಈಗ ತೊಟ್ಟಿಗೆ ಮುಚ್ಚಳವಿದೆ, ಗದ್ದೆ ಕಡೆಯ ಕೋಣೆ ನೆಂಟರಿಗೆ.