ಆಯುಧಪೂಜೆಗೆ ಕಾರು ತೊಳೆಸುವವರೇ, ಅಲಾಯ್ ವೀಲ್‌ಗೆ ಆಸಿಡ್ ಮುಟ್ಟಿಸಬೇಡಿ

ನವರಾತ್ರಿ ಹತ್ತಿರ ಬಂತು. ಇನ್ನು ಕಾರವಾರದಿಂದ ಭಟ್ಕಳದವರೆಗೆ ವಾಟರ್ ಸರ್ವಿಸ್ ಅಂಗಡಿಗಳ ಮುಂದೆಲ್ಲ ಗಾಡಿಗಳ ಸಾಲು. ಅಲ್ಲಿ ಯಾರಾದರೂ "ಸರ್, ಮುಂದಿನ ವೀಲ್ ಕಪ್ಪಾಗಿದೆ, ಐದೇ ನಿಮಿಷ, ಆಸಿಡ್ ಹೊಡೆದು ಹೊಸದರಂಗೆ ಮಾಡಿಕೊಡ್ತೆ" ಅಂದರೆ ಬೇಡ ಅನ್ನಿ. ಆಸಿಡ್ ಅನ್ನದೆ "ವೀಲ್ ಕೆಮಿಕಲ್" ಅಂದರೆ ಡಬ್ಬ ತೋರಿಸಿ ಅನ್ನಿ. ಲೇಬಲ್ ಇಲ್ಲದ ಕ್ಯಾನ್ ಹೊರಗೆ ಬಂತೋ, ಬರೀ ನೀರು ಹೊಡೆಸಿಕೊಂಡು ಮನೆಗೆ ಬನ್ನಿ.

ನನ್ನ ವಾಸ ಕಾರವಾರ, ಊರು ಶಿರಸಿ ಕಡೆ. ದೇವಿಮನೆ ಘಟ್ಟ ಹತ್ತುವುದು, ಇಳಿಯುವುದು ತಪ್ಪಿದ್ದಲ್ಲ. ಘಟ್ಟದಲ್ಲಿ ಓಡಾಡುವ ಕಾರುಗಳ ಮುಂದಿನ ಚಕ್ರ ಬೇಗ ಕಪ್ಪಾಗುತ್ತದೆ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುವುದರಿಂದ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದ್ದೇ. ಪ್ಯಾಡಿನ ಜೊತೆ ಎರಕದ ಕಬ್ಬಿಣದ ಡಿಸ್ಕೂ ಸವೆಯುತ್ತದೆ. ಕಾದ ಕಬ್ಬಿಣದ ಸಣ್ಣ ಪುಡಿ ಹಾರಿ ರಿಮ್ಮಿನ ಮೇಲೆ ಕೂರುತ್ತದೆ. ಒಂದು ಮಳೆಗೆ ಅದು ತುಕ್ಕು ಹಿಡಿದು ಕಚ್ಚಿಕೊಂಡಿತೆಂದರೆ ಶಾಂಪೂ ಹಾಕಿ ಎಷ್ಟು ಉಜ್ಜಿದರೂ ಕಂದು ಚುಕ್ಕೆ ಹಾಗೇ ಉಳಿಯುತ್ತದೆ. ನನ್ನ ಕಾರಿನ ಹಿಂದೆ ಇರುವುದು ಡ್ರಮ್ ಬ್ರೇಕ್. ಅಲ್ಲಿಯ ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿಯುವುದರಿಂದ ಹಿಂದಿನ ಎರಡು ಚಕ್ರ ಯಾವತ್ತೂ ಚೊಕ್ಕ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ವರ್ಷ ಮಾರಿಕಾಂಬಾ ಜಾತ್ರೆಗೆ ಹೊರಡುವ ಮೊದಲು ಹೆದ್ದಾರಿ ಬದಿಯ ಒಂದು ವಾಟರ್ ಸರ್ವಿಸ್‌ಗೆ ಗಾಡಿ ಬಿಟ್ಟೆ. ಹೆಸರು ಬೇಡ, ಇಂಥ ಅಂಗಡಿ ಒಂದೇ ಇರುವುದೂ ಅಲ್ಲ. ಹುಡುಗನೊಬ್ಬ ಅರ್ಧ ಕತ್ತರಿಸಿದ ನೀರಿನ ಬಾಟಲಿಯಲ್ಲಿ ಹಳದಿ ದ್ರಾವಣ ತಂದ, ಗೋಡೆಗೆ ಬಣ್ಣ ಹೊಡೆಯುವ ಬ್ರಶ್ ಅದ್ದಿ ಮುಂದಿನ ಎರಡು ರಿಮ್ಮಿಗೆ ಬಳಿದ. ಕೈಗೆ ಗ್ಲೌಸ್ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ರಿಮ್ಮಿನಿಂದ ಇಳಿದ ಹನಿ ಕೆಳಗೆ ಬಿದ್ದಲ್ಲಿ ಸಿಮೆಂಟ್ ನೆಲವೇ ಬುಸ್ಸೆಂದು ನೊರೆಯಾಯಿತು. "ಇದೇನಪ್ಪ?" ಅಂದೆ. ಮಾಲೀಕ ಕುರ್ಚಿಯಿಂದಲೇ, "ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುದಿಲ್ವಾ ಸರ್, ಅದೇ ನಮೂನೆ" ಅಂದ. ಅಷ್ಟರಲ್ಲಿ ಕೆಲಸ ಮುಗಿದೇ ಹೋಗಿತ್ತು. ರಿಮ್ ಏನೋ ಪಳಪಳ ಹೊಳೆಯುತ್ತಿತ್ತು.

ದೀಪದ ಉಪಮೆ ಕೇಳಲಿಕ್ಕೆ ಚಂದ, ಅಷ್ಟೇ. ಹಿತ್ತಾಳೆ ದೀಪಕ್ಕೆ ಮೇಲೊಂದು ಹೊದಿಕೆ ಇಲ್ಲ. ತಿಕ್ಕಿದರೆ ಹೊರಗೆ ಬರುವುದೂ ಹಿತ್ತಾಳೆಯೇ. ಅಲಾಯ್ ವೀಲ್ ಅಂದರೆ ಅಲ್ಯೂಮಿನಿಯಂ, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್. ಇಷ್ಟನ್ನೂ ಕಾಯುವುದು ತಲೆಗೂದಲಿಗಿಂತ ತೆಳುವಾದ ಆ ಪದರ. ಕಬ್ಬಿಣದ ಚುಕ್ಕೆ ಕರಗಿಸುವ ಆಸಿಡ್ ಪದರದ ಹೊಳಪನ್ನು ಕುಂದಿಸುತ್ತದೆ. ಎಲ್ಲಾದರೂ ಕಲ್ಲು ಬಡಿದು ಸಣ್ಣ ಗಾಯವಾಗಿದ್ದರೆ ಅಲ್ಲಿಂದ ಒಳಗಿಳಿದು ಅಲ್ಯೂಮಿನಿಯಂಗೇ ಬಾಯಿ ಹಾಕುತ್ತದೆ. ಹೊರಗಿಂದ ಆ ದಿನ ಏನೂ ಕಾಣುವುದಿಲ್ಲ, ತೊಂದರೆ ಇರುವುದೇ ಅಲ್ಲಿ.

ಮೊದಲು ಕೈಕೊಟ್ಟಿದ್ದು ವೀಲ್ ನಟ್‌ಗಳು. ಅವುಗಳ ಸತುವಿನ ಲೇಪ ಹೋಗಿ ಜಾತ್ರೆ ಮುಗಿಸಿ ಬರುವಷ್ಟರಲ್ಲೇ ಕೆಂಪಾಗಿದ್ದವು. ಆಮೇಲೆ ಮಳೆಗಾಲ ಬಂತು. ಕಾರವಾರದ ಉಪ್ಪುಗಾಳಿ, ರಾಷ್ಟ್ರೀಯ ಹೆದ್ದಾರಿ 66ರ ರಾಡಿ, ಘಟ್ಟದ ಕೆಮ್ಮಣ್ಣು, ಎಲ್ಲ ಸೇರಿತು. ಸೆಪ್ಟೆಂಬರಿನಲ್ಲಿ ರಿಮ್ ತೊಳೆದು ಒರೆಸುವಾಗ ರಿಮ್ಮಿನ ಕಡ್ಡಿಗಳ (ಸ್ಪೋಕ್) ಅಂಚಿನಲ್ಲಿ ಕ್ಲಿಯರ್ ಕೋಟಿನ ಕೆಳಗೆ ಬಿಳಿ ಎಳೆಗಳು ಹುಳ ಹರಿದ ಹಾಗೆ ಓಡಿದ್ದವು. ಉಗುರು ತಾಗಿಸಿದರೆ ಪದರ ಹಪ್ಪಳೆಯಾಗಿ ಎದ್ದು ಬಂತು.

ಅಂಗಡಿಗೆ ಹೋಗಿ ಕೇಳಿದರೆ, "ಸಮುದ್ರದ ಗಾಳಿಗೆ ಹಂಗಾಗ್ತದೆ ಸರ್." ಸರಿ, ಉಪ್ಪುಗಾಳಿ ಅಲಾಯ್ ತಿನ್ನುವುದು ಸುಳ್ಳಲ್ಲ. ಆದರೆ ಆಸಿಡ್ ಕಾಣದ ಹಿಂದಿನ ಎರಡು ಚಕ್ರ ಅದೇ ಕಾರಿನವು, ಅದೇ ಅಂಗಳದಲ್ಲಿ, ಅದೇ ಗಾಳಿಯಲ್ಲಿ ನಿಂತವು. ಅವುಗಳಲ್ಲಿ ಒಂದು ಎಳೆಯೂ ಇಲ್ಲ. ಸಮುದ್ರದ ಗಾಳಿ ಮುಂದಿನ ಚಕ್ರಕ್ಕೆ ಮಾತ್ರ ಬೀಸುತ್ತದೆಯೇ ಅಂದಿದ್ದಕ್ಕೆ ಆತ ಫೋನ್ ಎತ್ತಿಕೊಂಡ.

ಹುಬ್ಬಳ್ಳಿಯಲ್ಲಿ ರಿಮ್ ರಿಪೇರಿ ಮಾಡುವವರಿಗೆ ತೋರಿಸಿದೆ. ಹಳೆ ಬಣ್ಣ ಪೂರ್ತಿ ತೆಗೆದು, ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಮತ್ತೆ ಮೊದಲಿನಿಂದ ಆಗಬೇಕಂತೆ. ಮೇಲೆ ಪಾಲಿಶ್ ಹೊಡೆದರೆ ಏನೂ ಉಪಯೋಗವಿಲ್ಲ. ಖರ್ಚು ಸಾವಿರಗಳಲ್ಲಿ. ನನ್ನದು ಬರೀ ಬಣ್ಣದ ರಿಮ್, ಬಚಾವು. ನಿಮ್ಮದು ಡೈಮಂಡ್ ಕಟ್, ಅಂದರೆ ಯಂತ್ರದಲ್ಲಿ ಮುಖ ಹೆರೆದು ಲೋಹವೇ ಹೊಳೆಯುವಂತೆ ಮಾಡಿದ ರಿಮ್, ಆಗಿದ್ದರೆ ಮತ್ತೆ ಲೇತ್ ಯಂತ್ರಕ್ಕೆ ಕೊಟ್ಟು ಲೋಹವನ್ನೇ ಹೆರೆಸಬೇಕು, ಒಂದು ರಿಮ್ಮನ್ನು ಹಾಗೆ ಎಷ್ಟೋ ಸಲ ಹೆರೆಸಲಿಕ್ಕೆ ಬರುವುದಿಲ್ಲ.

ಯೂಟ್ಯೂಬ್‌ನಲ್ಲಿ ಟಾಯ್ಲೆಟ್ ಕ್ಲೀನರ್ ಹಾಕಿ ಎನ್ನುವ ವೀಡಿಯೊಗಳೂ ಇವೆ. ಬಾಟಲಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್ಡೇ. ಹಾಗಂತ ಎಂಜಿನ್ನಿನ ಜಿಡ್ಡು ತೆಗೆಯುವ, ಕಾಸ್ಟಿಕ್ ಸೋಡಾ ಇರುವ ಡಿಗ್ರೀಸರ್ ಸುರಕ್ಷಿತ ಅಂದುಕೊಳ್ಳಬೇಡಿ. ಅಲ್ಯೂಮಿನಿಯಂಗೆ ಆಸಿಡ್ ಎಷ್ಟು ವೈರಿಯೋ ಕಾಸ್ಟಿಕ್ ಕೂಡ ಅಷ್ಟೇ ವೈರಿ. ಆಯುಧಪೂಜೆಗೆ ಚಕ್ರದ ಕೆಳಗಿಡುವ ನಿಂಬೆಹಣ್ಣಿಗೆ ನನ್ನ ತಕರಾರಿಲ್ಲ.

ಸರಿಯಾದ ದಾರಿ ನಿಧಾನದ್ದು. ಅಂಗಡಿಯಲ್ಲಿ ಅಯರ್ನ್ ರಿಮೂವರ್ ಅಂತ ಕೇಳಿ. ಪಿಎಚ್ 7ರ ಆಸುಪಾಸು ಇರುವುದು, ಅಂದರೆ ಆಸಿಡ್ಡೂ ಅಲ್ಲದ ಕ್ಷಾರವೂ ಅಲ್ಲದ್ದು, ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕದ್ದು ಒಳ್ಳೆಯದು. ಚಕ್ರ ಪೂರ್ತಿ ತಣ್ಣಗಿರಬೇಕು. ಘಟ್ಟ ಇಳಿದು ಬಂದ ಕೂಡಲೇ ಡಿಸ್ಕಿಗೆ ನೀರು ಹೊಡೆಯುವುದಂತೂ ಯಾವ ಕಾರಣಕ್ಕೂ ಬೇಡ. ನೆರಳಲ್ಲಿ ನಿಲ್ಲಿಸಿ ಮೊದಲು ಕೆಮ್ಮಣ್ಣು, ರಾಡಿ ತೊಳೆದುಬಿಡಿ. ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬಟ್ಟೆ ಇರಲಿ. ಅದೇ ಬಟ್ಟೆ ಬಾನೆಟ್ಟಿಗೆ ಹೋದರೆ ಕಬ್ಬಿಣದ ಪುಡಿ ಗೀರು ಹಾಕುತ್ತದೆ. ಆಮೇಲೆ ಒಂದೊಂದೇ ಚಕ್ರಕ್ಕೆ ರಿಮೂವರ್ ಸ್ಪ್ರೇ ಮಾಡಿ. ಕಬ್ಬಿಣ ಇದ್ದಲ್ಲೆಲ್ಲ ನೇರಳೆ ಬಣ್ಣ ಸುರಿಯಲಿಕ್ಕೆ ಶುರುವಾಗುತ್ತದೆ. ಕಾರವಾರದ ಬೈತಖೋಲ ಬಂದರಿನ ಮೀನಿನ ವಾಸನೆಗೆ ಒಗ್ಗಿದ ಮೂಗೂ ಮುಚ್ಚಿಕೊಳ್ಳುವಂಥ ಕೊಳೆತ ಮೊಟ್ಟೆಯ ನಾತ. ಹೆದರಬೇಡಿ, ಅದರ ಗುಣವೇ ಅದು. ಗ್ಲೌಸ್ ಇರಲಿ. ಡಬ್ಬದ ಮೇಲೆ ಬರೆದಷ್ಟು ನಿಮಿಷ ಬಿಟ್ಟು, ಒಣಗುವ ಮೊದಲೇ ಮೆತ್ತನೆ ಬ್ರಶ್ ಆಡಿಸಿ, ಧಾರಾಳ ನೀರು ಹಾಕಿ. ಹಳೆ ಕೊಳೆಗೆ ಇದನ್ನೇ ಇನ್ನೊಮ್ಮೆ ಮಾಡಬೇಕಾದೀತು. ಆಗಲೂ ಉಳಿದಿದ್ದಕ್ಕೆ ಶಾಂಪೂ ನೀರಿನ ಜಾರಿಕೆಯಲ್ಲಿ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮೆತ್ತನೆ ತುಂಡು) ಆಡಿಸಿ. ತೊಳೆದ ಮೇಲೆ ನಿಧಾನ ಒಂದು ಸುತ್ತು ಹೋಗಿ, ಮೆಲ್ಲಗೆ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ.

ಒಣಗಿದ ರಿಮ್ಮಿಗೆ ವೀಲ್ ಸೀಲಂಟ್ ಎಂಬ ರಕ್ಷಣೆಯ ಲೇಪ ಹಚ್ಚಿದರೆ ಆಮೇಲೆ ಬೀಳುವ ಪುಡಿ ಅಷ್ಟು ಬೇಗ ಕಚ್ಚುವುದಿಲ್ಲ, ಬರೀ ನೀರಿಗೇ ಬಹಳಷ್ಟು ಹೋಗುತ್ತದೆ. ಮಳೆ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತಪ್ಪಿಸಬೇಡಿ. ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು ಬಾಳುತ್ತದೆ, ನಿಜ, ಆದರೆ ವರ್ಷಗಟ್ಟಲೆ ಕೈ ಹಾಕುವುದೇ ಬೇಡ ಎನ್ನುವವರ ಮಾತು ನಮ್ಮ ಕರಾವಳಿಗೆ ಹೇಳಿದ್ದಲ್ಲ. ಯಾವುದನ್ನೇ ಹಚ್ಚಿ, ಡಿಸ್ಕ್ ಮತ್ತು ಪ್ಯಾಡಿಗೆ ತಾಗಬಾರದು, ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ದೇವಿಮನೆ, ಅರಬೈಲ್, ಅಣಶಿ ಯಾವ ಘಟ್ಟವೇ ಆಗಲಿ, ಸಣ್ಣ ಗೇರಿನಲ್ಲಿ ಇಳಿದರೆ ಪುಡಿಯೂ ಕಡಿಮೆ, ಬ್ರೇಕೂ ಅಷ್ಟು ಬಿಸಿಯಾಗುವುದಿಲ್ಲ.

ವಾಟರ್ ಸರ್ವಿಸ್ ನಡೆಸುವವರಿಗೂ ಒಂದು ಮಾತು. ಕೆಲವು ವೀಲ್ ಆಸಿಡ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ತೆಳು ದ್ರಾವಣ ಕೈಗೆ ತಾಗಿದ ಕೂಡಲೇ ಉರಿಯದೇ ಇರಬಹುದು. ಗಂಟೆಗಳ ಮೇಲೆ ನೋವು ಶುರುವಾಗುವಾಗ ಅದು ಚರ್ಮ ದಾಟಿ ಆಳಕ್ಕೆ ಹೋಗಿರುತ್ತದೆ. ಲೇಬಲ್ ಇಲ್ಲದ ಕ್ಯಾನ್ ತಂದು ಬರಿಗೈ ಹುಡುಗನ ಕೈಗೆ ಬ್ರಶ್ ಕೊಡುವುದನ್ನು ನಿಲ್ಲಿಸಿ. ತಾಗಿದ್ದರೆ ಕೂಡಲೇ ಹರಿಯುವ ನೀರಲ್ಲಿ ತೊಳೆದು, ನೋವಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ವೀಲ್ ತೊಳೆಯುವ ಆಸಿಡ್, ಫ್ಲೋರೈಡ್ ಇರಬಹುದು ಎಂದು ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಅದಕ್ಕೆ ಕೊಡುವ ಕ್ಯಾಲ್ಸಿಯಂ ಗ್ಲುಕೋನೇಟ್ ಮಾಮೂಲಿ ಸುಟ್ಟಗಾಯದ ಮುಲಾಮಲ್ಲ.