ಮೂರು ಕಾಲಿನ ಡಚ್ ಓವನ್, ಮೂರು ಮಳೆಗಾಲ

ಡಚ್ ಓವನ್ ಅಂದ್ರೆ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುವ ದಪ್ಪ ಎರಕದ ಕಬ್ಬಿಣದ ಪಾತ್ರೆ. ಪಾತ್ರೆ ಒಳ್ಳೆದುಂಟು, ಆದ್ರೆ ಉಡುಪಿ ಮಳೆಗೆ ಅದು ಹುಟ್ಟಿದ್ದಲ್ಲ ಮಾರಾಯ್ರೆ. 12 ಇಂಚಿನದ್ದು ತಗೊಂಡು ಮೊದಲ ಬೇಸಿಗೆಯಲ್ಲಿ ಖುಷಿಯಲ್ಲಿ ನಾಲ್ಕೈದು ಸಲ ಅಂಗಳದಲ್ಲಿ ಕೋಳಿ ಬೇಯಿಸಿ ಅಟ್ಟಕ್ಕೆ ಹಾಕಿದ್ದೆ, ಜುಲೈಯಲ್ಲಿ ಇಳಿಸಿ ಮುಚ್ಚಳ ತೆಗೆದ್ರೆ ಒಳಗೆಲ್ಲ ಕೆಂಪು ತುಕ್ಕು, ಮೇಲಿಂದ ಕಮಟು ವಾಸನೆ.

ಅರ್ಧ ತಪ್ಪು ನಂದೇ. ನಮಗೆ ಎಣ್ಣೆ ಅಂದ್ರೆ ತೆಂಗಿನೆಣ್ಣೆ ಅಲ್ವಾ, ಸೀಸನಿಂಗಿಗೂ (ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ ಕಾಯಿಸಿ ಪದರ ಕಟ್ಟಿಸುದು) ಅದನ್ನೇ ಧಾರಾಳ ಸವರಿದ್ದು. ಅದ್ರಲ್ಲಿ ಸ್ಯಾಚುರೇಟೆಡ್ ಕೊಬ್ಬೇ ಜಾಸ್ತಿ, ಬಿಸಿ ಮಾಡಿದ್ರೂ ಗಟ್ಟಿ ಪದರ ಸರಿ ಕಟ್ಟುದಿಲ್ಲ, ಅಂಟಂಟಾಗಿ ಕೂತ್ಕೊಳ್ತದೆ. ಈಗ ಸೂರ್ಯಕಾಂತಿ ಎಣ್ಣೆ. ಸವರಿ, ಒಣ ಬಟ್ಟೆಯಲ್ಲಿ ಹಾಕಿದ್ದೇ ಗೊತ್ತಾಗದ ಹಾಗೆ ಒರೆಸಿ, ಕವುಚಿ ಕೆಂಡದ ಮೇಲೆ ಒಂದು ಗಂಟೆ. ಹುಳಿ ಹಾಕಿದ ಮೀನು ಸಾರು ಇದ್ರಲ್ಲಿ ಬೇಡ, ಪದರ ಕಿತ್ತು ಬರ್ತದೆ, ಅದಕ್ಕೆ ಮಣ್ಣಿನ ಪಾತ್ರೆ ಉಂಟಲ್ಲ.

ಮಾರಿಬಿಡುವ ಅಂತಿದ್ದೆ. ಆವಾಗ ಅತ್ತೆ ಆ ಅಂಚಿರುವ ಮುಚ್ಚಳ ನೋಡಿ, "ಇದು ಗೆಂಡದಡ್ಯೆಗೆ ಲಾಯ್ಕುಂಟು, ನಾವು ಹರಿವಾಣ ಮುಚ್ಚಿ ಅದ್ರ ಮೇಲೆ ಕೆಂಡ ಹಾಕುದಲ್ವಾ" ಅಂದ್ರು.

ಗೆಂಡದಡ್ಯೆ ಅಂದ್ರೆ ಕೆಳಗೂ ಮೇಲೂ ಕೆಂಡ ಇಟ್ಟು ಬೇಯಿಸುವ ಮುಳ್ಳುಸೌತೆಯ ಸಿಹಿ ತಿಂಡಿ. ಅಲ್ಲಿಂದ ಕತೆಯೇ ಬೇರೆ. ಮುಳ್ಳುಸೌತೆ ತುರಿ, ನೆನೆಸಿ ತರಿತರಿ ರುಬ್ಬಿದ ಅಕ್ಕಿ, ಬೆಲ್ಲ, ತೆಂಗಿನತುರಿ, ತಳಕ್ಕೆ ಬಾಡಿಸಿದ ಬಾಳೆಲೆ. ಬ್ರಿಕೆಟ್ (ಒತ್ತಿ ಮಾಡಿದ ಇದ್ದಿಲ ಉಂಡೆ) ಆದ್ರೆ ಮೇಲೆ 16, ಕೆಳಗೆ 8 ಇಟ್ರೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಬರ್ತದೆ, ಆದ್ರೆ ತರಿಸುವಾಗ ದುಡ್ಡು ಜಾಸ್ತಿ ಅಂತ ನಾನು ಗೆರಟೆ (ತೆಂಗಿನ ಚಿಪ್ಪು) ಕೆಂಡದಲ್ಲೇ ಮಾಡುದು. ಅದು ಬೇಗ ಕಾಯ್ತದೆ ಬೇಗ ಬೂದಿ ಆಗ್ತದೆ, ಲೆಕ್ಕ ಹಿಡಿಲಿಕ್ಕೆ ಆಗುದಿಲ್ಲ, ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತು ಇನ್ನೆರಡು ಗೆರಟೆ ಕಾಯಿಸ್ತಾ ಇರ್ಬೇಕು. ಕಾಲು ಗಂಟೆಗೊಮ್ಮೆ ಪಾತ್ರೆ ಒಂದು ಕಡೆಗೆ, ಮುಚ್ಚಳ ಇನ್ನೊಂದು ಕಡೆಗೆ ಸ್ವಲ್ಪ ತಿರುಗಿಸುದು, ಇಲ್ಲಾಂದ್ರೆ ಒಂದೇ ಬದಿ ಕರಟಿ ಹೋಗ್ತದೆ. ಬೆಲ್ಲ ಅಂಚಲ್ಲಿ ಕಪ್ಪಾಗುವ ಪರಿಮಳ ಬಂದ್ರೆ ಕೆಳಗಿನ ಕೆಂಡ ಎಳೆದು ತೆಗೀರಿ.

ತಮಾಷೆ ಎಂತ ಅಂದ್ರೆ ಮುಳ್ಳುಸೌತೆ ಬರುದೇ ಮಳೆಗಾಲದಲ್ಲಿ. ಹಾಗಾಗಿ ಈಗ ಎರಡು ಕಡೆ ತೆರೆದ ಕಾರ್ ಶೆಡ್‌ನಲ್ಲಿ ವಾರಕ್ಕೊಮ್ಮೆ ಒಲೆ ಹೊತ್ತುತ್ತದೆ (ಮನೆಯೊಳಗೆ ಕೆಂಡ ತರ್ಲೇಬೇಡಿ, ಹೊಗೆ ಕಾಣದಿದ್ರೂ ಅಪಾಯ), ವಾರವಾರ ಎಣ್ಣೆ ಮುಟ್ಟುವ ಕಬ್ಬಿಣಕ್ಕೆ ತುಕ್ಕು ಬರ್ಲಿಕ್ಕೆ ಪುರುಸೊತ್ತೇ ಇಲ್ಲ.

ಮುಚ್ಚಳ ಎತ್ತುವ ಕೊಕ್ಕೆ ಜೊತೆಗೇ ತಗೊಳ್ಳಿ. ನಾನು ಮುನ್ನೂರು ರೂಪಾಯಿ ಉಳಿಸ್ಲಿಕ್ಕೆ ಹೋಗಿ ಇಕ್ಕಳದಲ್ಲಿ ಎತ್ತಿ, ಮೊದಲ ಅಡ್ಯೆ ಮೇಲೆ ಬೂದಿ ಸುರಿಸಿದ್ದೆ. ಮೇಲಿನ ಪದರ ಕೆತ್ತಿ ತಿಂದೆವು, ಅತ್ತೆ ಎರಡು ತುಂಡು.