ಎಕ್ಸ್‌ಟೆಂಡೆಡ್ ವಾರಂಟಿ: ಐದು ವರ್ಷದ ಲೆಕ್ಕ, 47 ದಿನದ ತಕರಾರು

ಪುಣೆಯಲ್ಲಿ ಹೊಸ ಕಾರು ಬುಕ್ ಮಾಡುವ ನಮ್ಮ ಕಡೆಯ ಗೆಳೆಯರು ನನಗೆ ಒಂದು ಫೋನ್ ಮಾಡೇ ಮಾಡುತ್ತಾರೆ. ಶೋರೂಮಿನವರು ಎಕ್ಸ್‌ಟೆಂಡೆಡ್ ವಾರಂಟಿ (ಕಂಪನಿಯ ವಾರಂಟಿ ಮುಗಿದ ಮೇಲೂ ಮುಂದುವರಿಯಲಿ ಅಂತ ದುಡ್ಡು ಕೊಟ್ಟು ಕೊಳ್ಳುವ ವಾರಂಟಿ) ತಗೊಳ್ಳಿ ಅಂತ ಹಿಂದೆ ಬಿದ್ದಿದ್ದಾರೆ, ಏನು ಮಾಡಲಿ ಅಂತ. ಎರಡು ವರ್ಷ ಅದನ್ನು ಬಳಸಿದ್ದೇನೆ, ಲಾಭ ಪಡೆದಿದ್ದೇನೆ, ಜಗಳವನ್ನೂ ಆಡಿದ್ದೇನೆ. ಹಾಗಾಗಿ ಪೂರ್ತಿ ಬರೆದುಬಿಡುತ್ತೇನೆ.

ನಮ್ಮ ಕಾರು 2019ರ ಜೂನ್‌ನಲ್ಲಿ ತಗೊಂಡಿದ್ದು. ಪೆಟ್ರೋಲ್, ಎಎಂಟಿ ಗೇರ್, ಅಂದರೆ ಗೇರ್ ತಾನೇ ಬದಲಾಗುವ ಕಾರು. ಕಂಪನಿಯ ವಾರಂಟಿ 3 ವರ್ಷ, ಅದರ ಮೇಲೆ ಇನ್ನೆರಡು ವರ್ಷಕ್ಕೆ 13,500 ರೂಪಾಯಿ ಕೊಟ್ಟೆ. ಡೆಲಿವರಿ ದಿನ ಹೂವಿನ ಹಾರ, ನಿಂಬೆಹಣ್ಣು, ಫೋಟೊ ಅಂತ ಗಡಿಬಿಡಿ ಇರುತ್ತದೆ ಅಲ್ವಾ, ಆ ಗಡಿಬಿಡಿಯಲ್ಲೇ ಆ ಕಾಗದಕ್ಕೂ ಸಹಿ ಹಾಕಿದೆ. ಒಳಗೇನಿದೆ ಅಂತ ಓದಲಿಲ್ಲ.

ಮೊದಲು ಒಳ್ಳೆಯದು ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿ ಪುಣೆಯ ಚಾಂದಣಿ ಚೌಕದ ತಿರುವಿನಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ಭಾರವಾಯಿತು. ಮೀಟರ್‌ನಲ್ಲಿ ಹಳದಿ ದೀಪ ಹತ್ತಿತು. ಎರಡೂ ಕೈ ಬಿಗಿ ಹಿಡಿದು ಎಳೆದರೂ ಚಕ್ರ ತಿರುಗಲು ಒಪ್ಪುತ್ತಿರಲಿಲ್ಲ, ಹಿಂದಿನಿಂದ ಪಿಎಂಪಿ ಸಿಟಿ ಬಸ್ಸಿನ ಹಾರ್ನ್. ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕೆಟ್ಟಿದೆ ಅಂದರು. ಎಸ್ಟಿಮೇಟ್ 48,000 ರೂಪಾಯಿ. ವಾರಂಟಿಯಲ್ಲಿ ಪಾರ್ಟೂ ಲೇಬರ್ರೂ ಪೂರ್ತಿ ಉಚಿತವಾಗಿ ಆಯಿತು. ಕೊಟ್ಟ ಹಣ ಆ ಒಂದೇ ದಿನದಲ್ಲಿ ಮೂರು ಪಟ್ಟಿಗಿಂತ ಜಾಸ್ತಿ ವಾಪಸ್ ಬಂತು.

ಅದೇ ವರ್ಷದ ಕೊನೆಗೆ ಕ್ಲಚ್ ಹೋಯಿತು. ಎಎಂಟಿ ಅಂದರೆ ಕ್ಲಚ್ ಪೆಡಲ್ ಇಲ್ಲ ಅಷ್ಟೇ, ಒಳಗೆ ಮಾಮೂಲಿ ಕ್ಲಚ್ ಪ್ಲೇಟೇ ಇರುತ್ತದೆ, ಅದನ್ನು ಕಾಲಿನ ಬದಲು ಒಂದು ಆಕ್ಚುಯೇಟರ್ ಒತ್ತುತ್ತದೆ. ಆಕ್ಚುಯೇಟರ್ ಕೆಟ್ಟರೆ ನನ್ನ ವಾರಂಟಿ ಕೊಡುತ್ತಿತ್ತು. ಪ್ಲೇಟ್ ಸವೆದರೆ ಕೊಡುವುದಿಲ್ಲ, ಅದು ಸವೆಯುವ ಸಾಮಾನಿನ ಪಟ್ಟಿಯಲ್ಲಿದೆ. ಬ್ರೇಕ್ ಪ್ಯಾಡ್, ವೈಪರ್, ಟೈರ್, ಬಲ್ಬು ಎಲ್ಲ ಅದೇ ಪಟ್ಟಿ. ಸಿಂಹಗಡ ರೋಡಿನ ಟ್ರಾಫಿಕ್ಕಿನಲ್ಲಿ ತೆವಳುವ ಎಎಂಟಿ ಕಾರಿಗೆ ಬೇಗ ಸವೆಯುವುದೇ ಕ್ಲಚ್. ಬಿಲ್ ನಾನೇ ಕಟ್ಟಿದೆ. ಪಟ್ಟಿಯಲ್ಲಿ ಬರೆದಿತ್ತು, ಅವರದು ತಪ್ಪಲ್ಲ. ಆದರೆ ಮಾರುವಾಗ "ಆಟೊಮ್ಯಾಟಿಕ್ ಕಾರಿಗೆ ಇದು ಬೇಕೇ ಬೇಕು" ಅನ್ನುವವರು ಈ ಒಂದು ಮಾತು ಹೇಳಬೇಕಿತ್ತು.

ಈಗ ಜಗಳದ ಕಥೆ. 2024ರ ಏಪ್ರಿಲ್, ಊರಿಗೆ ಹೋಗುವಾಗ ಖಂಬಾಟಕಿ ಘಾಟ್ ಹತ್ತುತ್ತಿದ್ದಂತೆ ಎಸಿಯಿಂದ ಬಿಸಿಗಾಳಿ. ಬಾನೆಟ್ ಒಳಗಿನಿಂದ ಕರಕರ ಸದ್ದು. ಹಿಂದಿನ ಸೀಟಿನಲ್ಲಿ ಮಗಳು ನೀರಿನ ಬಾಟಲಿ ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. ವಾಪಸ್ ಬಂದು ತೋರಿಸಿದರೆ ಕಂಪ್ರೆಸರ್ ಹೋಗಿದೆ, 24,000 ರೂಪಾಯಿ. ವಾರಂಟಿ ಇನ್ನೂ ಎರಡು ತಿಂಗಳು ಇತ್ತು. ಸರ್ವಿಸ್ ಅಡ್ವೈಸರ್ ನಿಪ್ಪಾಣಿ ಕಡೆಯ ಹುಡುಗ, ಕಂಪ್ಯೂಟರ್ ನೋಡಿ ಸಣ್ಣ ದನಿಯಲ್ಲಿ ಹೇಳಿದ: "ಸರ್, ಇದು ವಾರಂಟಿಯೊಳಗ ಬರಂಗಿಲ್ರಿ. ಹೋದ ವರ್ಷದ ಸರ್ವಿಸ್ 47 ದಿನಾ ಲೇಟ್ ಆಗೇತಿ."

ಹೌದು, ಲೇಟಾಗಿತ್ತು. 2023ರ ಜೂನ್ ಶುರುವಿನಲ್ಲಿ ಅಮ್ಮನಿಗೆ ಹುಷಾರಿಲ್ಲದೆ ಧಾರವಾಡಕ್ಕೆ ಹೋದವನು ಬಂದಿದ್ದು ಜುಲೈ ಕೊನೆಗೆ. ಬಂದ ವಾರವೇ ಸರ್ವಿಸ್ ಮಾಡಿಸಿದ್ದೆ. ಅವತ್ತು ಬಿಲ್ ತಗೊಂಡರು, ಸೀಲ್ ಹೊಡೆದರು, ವಾರಂಟಿಗೆ ತೊಂದರೆ ಅಂತ ಒಂದೇ ಒಂದು ಮಾತು ಯಾರೂ ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಇದರ ಮೇಲೆ. ಬುಕ್‌ಲೆಟ್‌ನ ಕೊನೆಯ ಪುಟದಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿತ್ತು: ಸರ್ವಿಸ್ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ತಡವಾದರೆ ರಿಯಾಯಿತಿ 30 ದಿನ ಅಥವಾ 1,000 ಕಿ.ಮೀ.

ಈ "ಯಾವುದು ಮೊದಲೋ ಅದು" ಅನ್ನುವ ಮಾತಿಗೆ ಸಿಕ್ಕಿಬೀಳುವವರು ಕಡಿಮೆ ಓಡಿಸುವವರು. ಕೋಥ್ರೂಡ್‌ನಲ್ಲಿ ಮನೆ, ವಾರಕ್ಕೆ ಎರಡು ದಿನ ಆಫೀಸು, ವರ್ಷಕ್ಕೆ 4,000 ಕಿ.ಮೀ. ಆಗುವುದೂ ಕಷ್ಟ. ಇನ್ನೂ ಕಿಲೋಮೀಟರ್ ಆಗಿಲ್ಲವಲ್ಲ ಅಂತ ಸರ್ವಿಸ್ ಮುಂದೆ ಹಾಕುತ್ತೇವೆ, ಅಲ್ಲಿ ತಾರೀಕು ದಾಟಿ ಹೋಗಿರುತ್ತದೆ.

ನಾನು ಬಿಡಲಿಲ್ಲ. ತಿರಸ್ಕಾರದ ಕಾರಣ ಜಾಬ್ ಕಾರ್ಡ್ (ಕಾರಿನ ಕೆಲಸ ಬರೆದುಕೊಳ್ಳುವ ವರ್ಕ್‌ಶಾಪಿನ ಚೀಟಿ) ಮೇಲೆ ಬರೆದುಕೊಡಿ ಅಂದೆ. ಬಾಯಲ್ಲಿ ಹೇಳಿದ್ದು ನಾಳೆ ಬದಲಾಗುತ್ತದೆ, ಬರೆದದ್ದು ಬದಲಾಗುವುದಿಲ್ಲ. ಅದನ್ನೂ ಹಳೆಯ ಬಿಲ್ಲುಗಳನ್ನೂ ಸೇರಿಸಿ ಕಂಪನಿಯ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದೆ. ಕೇಳಿದ್ದು ಇಷ್ಟೇ: ಇಂಜಿನ್ ಆಯಿಲ್ 47 ದಿನ ತಡವಾಗಿ ಬದಲಿಸಿದ್ದಕ್ಕೂ ಎಸಿ ಕಂಪ್ರೆಸರ್‌ಗೂ ಏನು ಸಂಬಂಧ? ಹತ್ತು ದಿನಕ್ಕೆ ಉತ್ತರ ಬಂತು. "ಗುಡ್‌ವಿಲ್", ಅಂದರೆ ಗ್ರಾಹಕರ ಮೇಲಿನ ವಿಶ್ವಾಸಕ್ಕೆ, ಅಂತ ಕಂಪ್ರೆಸರ್ ಬೆಲೆಯ 70 ಪರ್ಸೆಂಟ್ ಕಂಪನಿ ಹಾಕಿಕೊಂಡಿತು. ನನ್ನ ಪಾಲು 7,200, ಮೇಲೆ ಲೇಬರ್ ಮತ್ತು ಎಸಿ ಗ್ಯಾಸಿಗೆ 3,900. ಡೀಲರ್ ಇಲ್ಲ ಅಂದರೆ ಅದೇ ಕೊನೆಯ ಮಾತಲ್ಲ, ಮೇಲೆ ಕೇಳಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನು ಹೊರಗಿನ ಗ್ಯಾರೇಜಿನ ವಿಷಯ. ಹೊರಗೆ ಬೋಲ್ಟ್ ಮುಟ್ಟಿಸಿದರೂ ವಾರಂಟಿ ಹೋಯಿತು ಅಂತ ಹೆದರಿಸುತ್ತಾರೆ. 2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿದ ಆದೇಶದಲ್ಲಿ ಇದೇ ವಿಷಯವಿತ್ತು: ಹೊರಗೆ ರಿಪೇರಿ ಮಾಡಿಸಿದರು ಅಂತ ಇಡೀ ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನವರ ತಪ್ಪು ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು. ಕಂಪನಿಗಳು ಮೇಲ್ಮನವಿಗೆ ಹೋದವು. ಕೌಂಟರಿನಲ್ಲಿ ಕೂತವರು ಈ ಆದೇಶ ನೋಡಿ ಕೆಲಸ ಮಾಡುವುದಿಲ್ಲ, ತಮ್ಮ ಕಂಪ್ಯೂಟರಿನಲ್ಲಿ ಸರ್ವಿಸ್ ಎಂಟ್ರಿ ಇದೆಯಾ ಇಲ್ಲವಾ ನೋಡುತ್ತಾರೆ ಅಷ್ಟೇ. ಹಾಗಾಗಿ ವಾರಂಟಿ ಇರುವಷ್ಟು ದಿನ ವರ್ಷದ ಸರ್ವಿಸ್ ಅಧಿಕೃತ ವರ್ಕ್‌ಶಾಪಿನಲ್ಲೇ ಮಾಡಿಸಿ. ಪಂಕ್ಚರು, ಟೈರು, ವೈಪರು ಎಲ್ಲಿ ಬೇಕಾದರೂ ಆಗಲಿ. ಆದರೆ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಿಂದ ಹಾರ್ನ್, ಲೈಟು, ಕ್ಯಾಮೆರಾ ತಂದು ವೈರ್ ಕತ್ತರಿಸಿ ಹಾಕಿಸಬೇಡಿ. ಆಮೇಲೆ ಎಲೆಕ್ಟ್ರಿಕಲ್ ಕ್ಲೇಮ್ ಬಂದರೆ ಮೊದಲು ನೋಡುವುದು ಆ ಕತ್ತರಿಸಿದ ವೈರನ್ನೇ.

ನಿಜವಾದ ಖರ್ಚು ಇರುವುದೂ ಈ ಸರ್ವಿಸ್ಸಿನಲ್ಲೇ. ವಾರಂಟಿ ಕಾಗದಕ್ಕೆ ಒಂದು ಸಲ ಕೊಡುತ್ತೀರಿ, ಆದರೆ ಅದು ಉಳಿಯಬೇಕು ಅಂತ ಪ್ರತಿ ವರ್ಷ ಅವರ ಬಾಗಿಲಿಗೇ ಹೋಗುತ್ತೀರಿ. ನಾಲ್ಕನೇ ವರ್ಷದ ನನ್ನ ಎಸ್ಟಿಮೇಟ್ 10,800 ಇತ್ತು. ಓದಿದರೆ ಇಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಡಿಸಿನ್ಫೆಕ್ಷನ್, ಥ್ರಾಟಲ್ ಕ್ಲೀನಿಂಗ್. "ಮಾಡಿಸದಿದ್ದರೆ ವಾರಂಟಿಗೆ ಪ್ರಾಬ್ಲಮ್ ಆಗುತ್ತೆ" ಅಂದರು. ಕಾರಿನ ಮ್ಯಾನ್ಯುಯಲ್ ತೆಗೆದು ಸರ್ವಿಸ್ ಪಟ್ಟಿಯ ಪುಟ ಮುಂದಿಟ್ಟೆ, ಇದರಲ್ಲಿ ಎಲ್ಲಿದೆ ತೋರಿಸಿ ಅಂದೆ. ಒಂದೂ ಇರಲಿಲ್ಲ. ಅಷ್ಟನ್ನೂ ಹೊಡೆದುಹಾಕಿದ ಮೇಲೆ ಬಿಲ್ 6,400. ವಾರ್ಜೆಯಲ್ಲಿ ನಮ್ಮ ವಿಜಯಪುರದ ಕಾಕಾನ ಗ್ಯಾರೇಜಿನಲ್ಲಿ ಅದೇ ಆಯಿಲ್, ಅದೇ ಫಿಲ್ಟರಿಗೆ 4,200 ಆಗುತ್ತಿತ್ತು. ಅಂದರೆ ವರ್ಷಕ್ಕೆ 2,200 ಜಾಸ್ತಿ. ಎರಡು ವರ್ಷಕ್ಕೆ ಸೇರಿಸಿದರೆ ನನ್ನ ವಾರಂಟಿಯ ಬೆಲೆ 13,500 ಅಲ್ಲ, 17,900. ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದರೆ ಮೂಗಿಗಿಂತ ಮೂಗುತಿ ಭಾರ ಆಗುತ್ತಿತ್ತು.

ಇನ್ನೊಂದು ಮುಖ್ಯ ವಿಷಯ, ಸರ್ಟಿಫಿಕೇಟ್ ಯಾರದು ನೋಡಿ. ಕಂಪನಿಯದೇ ಆದರೆ ದೇಶದ ಯಾವ ಅಧಿಕೃತ ವರ್ಕ್‌ಶಾಪಿನಲ್ಲೂ ಕ್ಲೇಮ್ ಮಾಡಬಹುದು. ಕೆಲವು ಡೀಲರ್‌ಗಳು ತಮ್ಮದೇ ಸ್ಕೀಮ್ ಮಾರುತ್ತಾರೆ, ಹಿಂದೆ ಬೇರೆ ಯಾವುದೋ ಸಂಸ್ಥೆ ಇರುತ್ತದೆ, ಕ್ಲೇಮ್‌ಗೆ ಮಿತಿ ಇರುತ್ತದೆ, ರಿಪೇರಿ ಅವರ ಹತ್ತಿರವೇ ಆಗಬೇಕು ಅನ್ನುವುದೂ ಇರುತ್ತದೆ. ಹಬ್ಬಕ್ಕೊಮ್ಮೆ ಬೆಳಗಾವಿ, ಹುಬ್ಬಳ್ಳಿ ಕಡೆ ಓಡುವ ನಮ್ಮಂಥವರಿಗೆ ಅದು ಕೊಲ್ಹಾಪುರ ದಾಟಿದ ಮೇಲೆ ಬರೀ ಕಾಗದ.

ಮಳೆ ನೀರಿನ ಹಾನಿಗೂ ಇದನ್ನು ನಂಬಬೇಡಿ. 2024ರ ಜುಲೈನಲ್ಲಿ ಖಡಕವಾಸಲಾ ಅಣೆಕಟ್ಟೆಯ ನೀರು ಬಿಟ್ಟಾಗ ಸಿಂಹಗಡ ರೋಡಿನ ಏಕತಾ ನಗರಿಯಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ಅದು ಇನ್ಶೂರೆನ್ಸ್ ಕೆಲಸ. ಇಲಿ ಕಡಿದ ವೈರೂ ವಾರಂಟಿಗೆ ಬರುವುದಿಲ್ಲ.

ಹಾಗಾದರೆ ತಗೊಳ್ಳಬೇಕಾ? ಆಟೊಮ್ಯಾಟಿಕ್, ಟರ್ಬೊ, ದೊಡ್ಡ ಸ್ಕ್ರೀನು, ಸನ್‌ರೂಫು ಇರುವ ಕಾರಾದರೆ, ಕಾರನ್ನು ಐದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳುವವರಾದರೆ ತಗೊಳ್ಳಿ, ಕಂಪನಿಯದನ್ನೇ ತಗೊಳ್ಳಿ. ಸಾದಾ ಮ್ಯಾನ್ಯುಯಲ್ ಗೇರಿನ ಪೆಟ್ರೋಲ್ ಕಾರು, ನಾಲ್ಕನೇ ವರ್ಷಕ್ಕೆ ಮಾರುವ ಯೋಚನೆ ಇದ್ದರೆ ಸುಮ್ನೆ ಬಿಡಿ. ಮಾರುತಿ 2024ರ ಜುಲೈನಿಂದ ತನ್ನ ಮಾಮೂಲಿ ವಾರಂಟಿಯನ್ನೇ 2 ವರ್ಷದಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿದೆ, ಅದೇ ನಿಮಗೆ ಸಾಕಾಗಬಹುದು. ಡೆಲಿವರಿ ದಿನವೇ ನಿರ್ಧರಿಸಬೇಕಾಗಿಯೂ ಇಲ್ಲ. ಮೊದಲ ವಾರಂಟಿ ಮುಗಿಯುವವರೆಗೂ ಸಾಮಾನ್ಯವಾಗಿ ಸಿಗುತ್ತದೆ, ತಡವಾದಷ್ಟೂ ಬೆಲೆ ಏರುತ್ತದೆ ಅಷ್ಟೇ.

ನನಗೆ ಈಗಲೂ ಕಾಡುವುದು ಒಂದೇ. ಆ ಎರಡು ತಿಂಗಳು ಕಾರು ಧಾರವಾಡದ ಮನೆ ಮುಂದೆ, ಬೇವಿನ ಮರದ ಕೆಳಗೆ ನಿಂತಿತ್ತು. ಅದೇ ಕಂಪನಿಯ ವರ್ಕ್‌ಶಾಪ್ ಹುಬ್ಬಳ್ಳಿಯಲ್ಲಿತ್ತು, ಅರ್ಧ ಗಂಟೆಯ ದಾರಿ. ಅಲ್ಲಿ ಸರ್ವಿಸ್ ಮಾಡಿಸಿದ್ದರೂ ನಡೆಯುತ್ತಿತ್ತು. ನನಗೆ ಗೊತ್ತಿರಲಿಲ್ಲ, ಪುಣೆಯಿಂದ ಸರ್ವಿಸ್ ಡ್ಯೂ ಅಂತ ಮೂರು ಸಲ ಫೋನ್ ಮಾಡಿದ ಹುಡುಗಿಗೆ ನಾನು ಧಾರವಾಡದಲ್ಲಿದ್ದೇನೆ ಅಂದಾಗ ಅವಳೂ ಹೇಳಲಿಲ್ಲ. ಹೋದ ಸಲದ ಸರ್ವಿಸ್ ಹುಬ್ಬಳ್ಳಿಯಲ್ಲೇ ಮಾಡಿಸಿದೆ, ಅಮ್ಮನನ್ನು ಡಾಕ್ಟರ ಹತ್ತಿರ ತೋರಿಸಿ ಬರುವಷ್ಟರಲ್ಲಿ ಕಾರು ತೊಳೆದು ರೆಡಿ ಇತ್ತು.